ರೌಟರ್ ಇಲ್ಲದ ಮನೆಯಲ್ಲಿ ಎರಡು ಲ್ಯಾಪ್‌ಟಾಪ್ ಜೋಡಿಸುವುದು ಹೇಗೆ?

ಕತ್ರಿಗುಪ್ಪೆಯ ಬಾಡಿಗೆ ಮನೆಗೆ ಬಂದು ಹಾಲು ಉಕ್ಕಿಸಿ ಮೂರು ದಿನವಾಗಿತ್ತು. ಗ್ಯಾಸ್ ಬಂದಿತ್ತು, ನೀರಿನ ಕ್ಯಾನ್ ಬಂದಿತ್ತು. ಇಂಟರ್ನೆಟ್ ಹಾಕುವ ಹುಡುಗ ಮಾತ್ರ ಬಂದಿರಲಿಲ್ಲ. ಫೋನ್ ಮಾಡಿದಾಗಲೆಲ್ಲ "ಇಲ್ಲೇ ಬನಶಂಕರಿಯಲ್ಲಿ ಇದೀನಿ ಸಾರ್, ಸಂಜೆ ಬರ್ತೀನಿ" ಅನ್ನುತ್ತಿದ್ದ. ಅಷ್ಟರಲ್ಲಿ ಅಕ್ಕನ ಮಗ ಲ್ಯಾಪ್‌ಟಾಪ್ ಹೆಗಲಿಗೆ ಹಾಕಿಕೊಂಡು ಬಂದ. ತಂಗಿಯ ಮದುವೆಯ ವಿಡಿಯೋ ನನ್ನ ಹತ್ತಿರ ಇತ್ತು, ಅದು ಅವನಿಗೆ ಬೇಕಿತ್ತು. ಒಟ್ಟು 26 ಜಿಬಿ. ಅದರಲ್ಲಿ ಮುಹೂರ್ತದ ಫೈಲ್ ಒಂದೇ 18 ಜಿಬಿ.

"ಮಾಮ, 32 ಜಿಬಿ ಪೆನ್‌ಡ್ರೈವ್ ತಂದಿದೀನಿ, ಹಾಕ್ಕೊಡಿ" ಅಂದ. ಹಾಕಿದೆ. ಚಿಕ್ಕ ಫೈಲುಗಳೆಲ್ಲ ಹೋದವು. ಮುಹೂರ್ತದ್ದು ಹೋಗಲಿಲ್ಲ. ಪೆನ್‌ಡ್ರೈವಿನಲ್ಲಿ ಜಾಗ ಇದೆ, ಆದರೂ ಫೈಲ್ ತುಂಬಾ ದೊಡ್ಡದು ಎಂದು ವಿಂಡೋಸ್ ಹಟ ಹಿಡಿಯಿತು. ಪೆನ್‌ಡ್ರೈವ್ ಫ್ಯಾಟ್32 ಎಂಬ ಹಳೆಯ ಪದ್ಧತಿಯಲ್ಲಿ ಫಾರ್ಮ್ಯಾಟ್ ಆಗಿದ್ದರೆ ಹೀಗಾಗುತ್ತದೆ. ಒಂದು ಫೈಲ್ 4 ಜಿಬಿ ದಾಟಿದರೆ ಅದು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿದರೆ ಸರಿಹೋಗುತ್ತದೆ, ಆದರೆ ಅವನ ಕಾಲೇಜಿನ ಪ್ರಾಜೆಕ್ಟ್ ಅದರಲ್ಲೇ ಇತ್ತು. ಅಳಿಸುವ ಹಾಗಿಲ್ಲ.

ಎರಡು ಲ್ಯಾಪ್‌ಟಾಪೂ ಒಂದೇ ಚಾಪೆಯ ಮೇಲೆ ಕೂತಿದ್ದವು. ಎರಡರಲ್ಲೂ ವೈಫೈ ಇದೆ. ನಡುವೆ ರೌಟರ್ ಇಲ್ಲ, ಅಷ್ಟೇ. ಆ ಸಂಜೆ ನಾವು ಹೇಗೆ ಜೋಡಿಸಿದೆವು, ಎಲ್ಲಿ ಎಡವಿದೆವು ಎಂಬುದನ್ನು ಇಲ್ಲಿ ಬರೆದಿದ್ದೇನೆ. ಮೊದಲೇ ಹೇಳಿಬಿಡುತ್ತೇನೆ: ವೈಫೈ ಜೋಡಿಸುವುದು ಎರಡು ನಿಮಿಷದ ಕೆಲಸ. ಸಮಯ ತಿನ್ನುವುದೆಲ್ಲ ಆಮೇಲೆ, ಒಂದು ಲ್ಯಾಪ್‌ಟಾಪ್ ಇನ್ನೊಂದಕ್ಕೆ ಬಾಗಿಲು ತೆಗೆಯದಿದ್ದಾಗ.

ರೌಟರ್ ಮಾಡುವ ಕೆಲಸ ಯಾರು ಮಾಡಬೇಕು?

ರೌಟರ್ ಅಂದರೆ ಇಂಟರ್ನೆಟ್ ಕೊಡುವ ಡಬ್ಬ ಎಂದು ನಾವು ಅಂದುಕೊಂಡಿರುತ್ತೇವೆ. ನಿಜವಾಗಿ ಅದು ಮೂರು ಕೆಲಸ ಮಾಡುತ್ತದೆ. ಒಂದು, ಎಲ್ಲರೂ ಬಂದು ಸೇರುವ ವೈಫೈ ಜಾಗವಾಗುತ್ತದೆ. ಎರಡು, ಬಂದ ಪ್ರತಿ ಕಂಪ್ಯೂಟರಿಗೂ ಒಂದು ನಂಬರ್ ಕೊಡುತ್ತದೆ. ಅದೇ ಐಪಿ ವಿಳಾಸ. ಮೂರು, ಹೊರಗಿನ ಇಂಟರ್ನೆಟ್ಟಿಗೆ ದಾರಿ ಬಿಡುತ್ತದೆ. ಮನೆಯೊಳಗೇ ಫೈಲ್ ಕಳಿಸಲು ಮೂರನೆಯದು ಬೇಕಾಗಿಯೇ ಇಲ್ಲ. ಮೊದಲ ಎರಡನ್ನು ಒಂದು ಲ್ಯಾಪ್‌ಟಾಪೇ ಮಾಡಿದರೆ ಸಾಕು.

ಹಳೆಯ ವಿಂಡೋಸ್ 7 ಬಳಸಿದವರಿಗೆ "ಆಡ್ ಹಾಕ್ ನೆಟ್‌ವರ್ಕ್" ಎಂಬ ಆಯ್ಕೆ ನೆನಪಿರಬಹುದು. ಅದರಲ್ಲಿ ಯಜಮಾನ ಅಂತ ಯಾರೂ ಇರುತ್ತಿರಲಿಲ್ಲ, ಕಂಪ್ಯೂಟರುಗಳು ಸಮಸಮವಾಗಿ ಮಾತಾಡಿಕೊಳ್ಳುತ್ತಿದ್ದವು. ವಿಂಡೋಸ್ 8ರಿಂದ ಆ ಆಯ್ಕೆ ಮೆನುವಿನಿಂದ ಮಾಯವಾಯಿತು. ಕಪ್ಪು ಪರದೆ ತೆರೆದು ಉದ್ದನೆಯ ಆದೇಶ ಟೈಪ್ ಮಾಡಿಸುವ ಹಳೆಯ ವಿಡಿಯೋಗಳೂ ಇನ್ನೂ ಓಡಾಡುತ್ತಿವೆ. ಹೊಸ ವೈಫೈ ಕಾರ್ಡುಗಳ ಡ್ರೈವರುಗಳು ಆ ದಾರಿಯನ್ನೂ ಬಹುಮಟ್ಟಿಗೆ ಕೈಬಿಟ್ಟಿವೆ. ಸುಮ್ನೆ ಅದರ ಹಿಂದೆ ಬೀಳಬೇಡಿ. 2016ರಿಂದ ವಿಂಡೋಸ್ 10ರ ಸೆಟ್ಟಿಂಗ್ಸಿನಲ್ಲೇ "ಮೊಬೈಲ್ ಹಾಟ್‌ಸ್ಪಾಟ್" ಇದೆ, ವಿಂಡೋಸ್ 11ರಲ್ಲೂ ಇದೆ. ನಮಗೆ ಬೇಕಾಗಿರುವುದು ಅದೇ.

ಫೋನಿನ ಹಾಟ್‌ಸ್ಪಾಟ್ ಹಾಕಿ ಎರಡೂ ಲ್ಯಾಪ್‌ಟಾಪನ್ನು ಅದಕ್ಕೇ ಸೇರಿಸಿದರೆ ಆಗಲ್ವಾ? ಹಲವು ಆಂಡ್ರಾಯ್ಡ್ ಫೋನುಗಳಲ್ಲಿ ಆಗುತ್ತದೆ. ಆದರೆ ಆಗ ನನ್ನ ಫೈಲ್ ಮೊದಲು ಫೋನಿಗೆ ಹೋಗಿ, ಅಲ್ಲಿಂದ ಮತ್ತೆ ಗಾಳಿಯಲ್ಲೇ ಅವನ ಲ್ಯಾಪ್‌ಟಾಪಿಗೆ ಬರಬೇಕು. ಒಂದೇ ಮಾಲನ್ನು ಎರಡು ಸಲ ಹೊತ್ತ ಹಾಗೆ. ವೇಗ ಅರ್ಧಕ್ಕೆ ಇಳಿಯುತ್ತದೆ. ಲ್ಯಾಪ್‌ಟಾಪೇ ಹಾಟ್‌ಸ್ಪಾಟ್ ಆದರೆ ಒಂದೇ ಜಿಗಿತ. ನಾಲ್ಕು ಫೋಟೋಗೆ ಫೋನ್ ಸಾಕು, 26 ಜಿಬಿಗೆ ಲ್ಯಾಪ್‌ಟಾಪ್ ಬೇಕು.

ಶುರು ಮಾಡುವ ಮುಂಚೆ

ಲ್ಯಾಪ್‌ಟಾಪ್ ಆದರೆ ವೈಫೈ ಇದ್ದೇ ಇರುತ್ತದೆ. ಮನೆಯಲ್ಲಿ ಹಳೆಯ ಡೆಸ್ಕ್‌ಟಾಪ್ ಇದ್ದರೆ ಅದರಲ್ಲಿ ಇಲ್ಲದೇ ಇರಬಹುದು. ಎಸ್.ಪಿ. ರೋಡಿನಲ್ಲಿ ಯುಎಸ್‌ಬಿ ವೈಫೈ ಡಾಂಗಲ್ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಕೊಳ್ಳುವಾಗ "ಡ್ಯುಯಲ್ ಬ್ಯಾಂಡ್ ಕೊಡಿ" ಎಂದು ಕೇಳಿ, ಅಂದರೆ 2.4 ಮತ್ತು 5 ಗಿಗಾಹರ್ಟ್ಸ್ ಎರಡೂ ಇರುವುದು. ಬೆರಳಿನ ಉಗುರಷ್ಟಿರುವ ತೀರಾ ಅಗ್ಗದ ಡಾಂಗಲುಗಳು ಸಾಮಾನ್ಯವಾಗಿ 2.4 ಗಿಗಾಹರ್ಟ್ಸ್ ಮಾತ್ರ. ಅದು ಯಾಕೆ ಮುಖ್ಯ ಎಂದು ಮುಂದೆ ಹೇಳುತ್ತೇನೆ.

ಎರಡನ್ನೂ ಚಾರ್ಜಿಗೆ ಹಾಕಿ. ಹಾಟ್‌ಸ್ಪಾಟ್ ಬ್ಯಾಟರಿ ತಿನ್ನುತ್ತದೆ. ಸೆಟ್ಟಿಂಗ್ಸಿನ "ಸಿಸ್ಟಮ್" ಒಳಗೆ "ಪವರ್" ಎಂಬ ಕಡೆ ಹೋಗಿ, ಚಾರ್ಜಿನಲ್ಲಿದ್ದಾಗ ನಿದ್ದೆಗೆ ಜಾರದಂತೆ "ನೆವರ್" ಮಾಡಿ. ಅರ್ಧ ಫೈಲ್ ಹೋದಮೇಲೆ ಲ್ಯಾಪ್‌ಟಾಪ್ ಮಲಗಿಬಿಟ್ಟರೆ ಮತ್ತೆ ಮೊದಲಿಂದ ಶುರು.

ಎರಡರಲ್ಲಿ ಒಂದು ಆಫೀಸಿನ ಲ್ಯಾಪ್‌ಟಾಪ್ ಆಗಿದ್ದರೆ, ಬೆಂಗಳೂರಿನಲ್ಲಿ ಹತ್ತಕ್ಕೆ ಐದು ಮನೆಯಲ್ಲಿ ಹಾಗೇ ಅಲ್ವಾ, ಇಲ್ಲೇ ಒಂದು ಮಾತು. ಹಲವು ಕಂಪನಿಗಳು ಹಾಟ್‌ಸ್ಪಾಟನ್ನೂ ಫೋಲ್ಡರ್ ಹಂಚುವುದನ್ನೂ ಬೀಗ ಹಾಕಿಟ್ಟಿರುತ್ತವೆ. ಆಫೀಸಿನ ಜಾಲಕ್ಕೆ ಗುಟ್ಟಿನ ದಾರಿ ಹಾಕುವ ವಿಪಿಎನ್ ಆನ್ ಆಗಿದ್ದರೆ ಪಕ್ಕದ ಲ್ಯಾಪ್‌ಟಾಪ್ ಕೂಡ ಕಾಣದೇ ಹೋಗಬಹುದು. ಅದರ ಜೊತೆ ಗುದ್ದಾಡಲು ಹೋಗಬೇಡಿ. ಮದುವೆ ವಿಡಿಯೋಗೋಸ್ಕರ ಐಟಿ ವಿಭಾಗದಿಂದ ಮೇಲ್ ಬರಿಸಿಕೊಳ್ಳುವುದು ಬೇಡ. ಸ್ವಂತ ಲ್ಯಾಪ್‌ಟಾಪುಗಳ ನಡುವೆ ಮಾತ್ರ ಇದನ್ನು ಮಾಡಿ.

ಹಾಟ್‌ಸ್ಪಾಟ್ ಎಬ್ಬಿಸುವುದು

ಸೆಟ್ಟಿಂಗ್ಸ್ ತೆರೆಯಿರಿ. "ನೆಟ್‌ವರ್ಕ್ ಆಂಡ್ ಇಂಟರ್ನೆಟ್", ಅದರೊಳಗೆ "ಮೊಬೈಲ್ ಹಾಟ್‌ಸ್ಪಾಟ್". ವಿಂಡೋಸನ್ನು ಕನ್ನಡದಲ್ಲಿ ಇಟ್ಟುಕೊಂಡವರಿಗೆ ಹೆಸರು ಬೇರೆ ಕಾಣಬಹುದು, ಜಾಗ ಮಾತ್ರ ಅದೇ.

ಇಲ್ಲಿ ವಿಂಡೋಸಿನ ಒಂದು ವಿಚಿತ್ರ ಇದೆ. ಹಂಚಲು ಯಾವುದಾದರೂ ಇಂಟರ್ನೆಟ್ ಸಂಪರ್ಕ ಇದ್ದರೇನೇ ಅದು ಹಾಟ್‌ಸ್ಪಾಟ್ ಆನ್ ಮಾಡಲು ಬಿಡುವುದು. ನಮಗೆ ಇಂಟರ್ನೆಟ್ ಬೇಡ, ಬರೀ ಎರಡು ಲ್ಯಾಪ್‌ಟಾಪ್ ಸೇರಿಸಬೇಕು ಅಂದರೂ ಕೇಳುವುದಿಲ್ಲ. ಇದಕ್ಕೆ ಸುಲಭದ ದಾರಿ ಎಂದರೆ ಫೋನನ್ನು ಚಾರ್ಜಿಂಗ್ ಕೇಬಲಿನಿಂದ ಲ್ಯಾಪ್‌ಟಾಪಿಗೆ ಸಿಕ್ಕಿಸಿ, ಫೋನಿನ ಹಾಟ್‌ಸ್ಪಾಟ್ ಪುಟದಲ್ಲಿ "ಯುಎಸ್‌ಬಿ ಟೆಥರಿಂಗ್" ಆನ್ ಮಾಡುವುದು. ಕೇಬಲ್ ಬರೀ ಚಾರ್ಜಿಂಗ್‌ನದ್ದಾಗಿರದೆ ಡೇಟಾ ಹೋಗುವಂಥದ್ದಾಗಿರಬೇಕು. ಲ್ಯಾಪ್‌ಟಾಪ್ ಆ ಫೋನನ್ನು ಒಂದು ಈಥರ್ನೆಟ್ ಸಂಪರ್ಕ, ಅಂದರೆ ತಂತಿಯಿಂದ ಬಂದ ಜಾಲ, ಎಂದು ತಿಳಿದುಕೊಳ್ಳುತ್ತದೆ.

ಈಗ ಹಾಟ್‌ಸ್ಪಾಟ್ ಪುಟದ ಮೊದಲ ಸಾಲಿನಲ್ಲಿ, ಯಾವ ಸಂಪರ್ಕ ಹಂಚಬೇಕು ಎಂಬಲ್ಲಿ, ಆ ಈಥರ್ನೆಟ್ ಆರಿಸಿ. ಅದರ ಕೆಳಗೆ ಯಾವುದರ ಮೂಲಕ ಹಂಚಬೇಕು ಎಂಬಲ್ಲಿ ವೈಫೈ ಆರಿಸಿ. ಫೋನಿನಿಂದ ವೈಫೈಯಲ್ಲೇ ಇಂಟರ್ನೆಟ್ ತೆಗೆದುಕೊಂಡು ವೈಫೈಯಲ್ಲೇ ಹಂಚುವುದೂ ಸಾಧ್ಯ. ಆದರೆ ಒಂದೇ ರೇಡಿಯೋ ಎರಡೂ ಕಡೆ ಓಡಾಡಬೇಕು, ಸುಸ್ತಾಗುತ್ತದೆ.

ಆಮೇಲೆ "ಎಡಿಟ್" ಒತ್ತಿ. ಹೆಸರು, ಪಾಸ್‌ವರ್ಡ್, ಬ್ಯಾಂಡ್ ಎಂದು ಮೂರು ಕೇಳುತ್ತದೆ. ಹೆಸರಿಗೆ ಮನೆ ನಂಬರ್ ಹಾಕಬೇಡಿ. ಪಾಸ್‌ವರ್ಡ್ ಕನಿಷ್ಠ 8 ಅಕ್ಷರ ಇರಬೇಕು, ನಿಮ್ಮ ಫೋನ್ ನಂಬರ್ ಆಗಿರಬಾರದು. ಮಹಡಿ ಮನೆಯ ಹುಡುಗರು ಮೊದಲು ಹಾಕಿ ನೋಡುವುದು ಅದನ್ನೇ.

ಬ್ಯಾಂಡ್ ವಿಷಯದಲ್ಲಿ ಸ್ವಲ್ಪ ನಿಲ್ಲೋಣ. 2.4 ಗಿಗಾಹರ್ಟ್ಸ್ ದೂರ ಹೋಗುತ್ತದೆ, ಗೋಡೆ ದಾಟುತ್ತದೆ, ಆದರೆ ನಿಧಾನ. ಅದರಲ್ಲಿ ಒಂದಕ್ಕೊಂದು ತಾಗದ ಚಾನೆಲುಗಳು ಮೂರೇ: 1, 6, 11. ನಮ್ಮ ಬೀದಿಯಲ್ಲಿ ವೈಫೈ ಪಟ್ಟಿ ತೆರೆದರೆ ಇಪ್ಪತ್ತು ಹೆಸರು ಕಾಣುತ್ತವೆ. ಇಪ್ಪತ್ತು ಮನೆಯವರು ಮೂರು ಓಣಿಯಲ್ಲಿ ಗಾಡಿ ನುಗ್ಗಿಸಿದರೆ ಏನಾಗುತ್ತದೆ ಎಂದು ಸಿಲ್ಕ್ ಬೋರ್ಡ್ ಕಡೆ ಹೋದವರಿಗೆ ಹೇಳಬೇಕಾಗಿಲ್ಲ. 5 ಗಿಗಾಹರ್ಟ್ಸಿನಲ್ಲಿ ಓಣಿ ಜಾಸ್ತಿ, ವೇಗವೂ ಜಾಸ್ತಿ. ಗೋಡೆ ಬಂದರೆ ಮಾತ್ರ ಸೋಲುತ್ತದೆ. ಹಳೆಯ ಬಡಾವಣೆಗಳ ದಪ್ಪ ಗೋಡೆ, ನಡುವೆ ನಿಂತ ಕಬ್ಬಿಣದ ಬೀರು, ಇವೆರಡೂ ಅದಕ್ಕೆ ಶತ್ರು. ಒಂದೇ ಕೋಣೆಯಲ್ಲಿ ಕೂತಿದ್ದರೆ ಕಣ್ಣು ಮುಚ್ಚಿ 5 ಆರಿಸಿ. ನಮ್ಮದು ಒಂದೇ ಚಾಪೆ. 5 ಹಾಕಿದಾಗ ಸೆಕೆಂಡಿಗೆ ಸುಮಾರು 20 ಎಂಬಿ ಬಂತು, 26 ಜಿಬಿಗೆ ಇಪ್ಪತ್ತೆರಡು ನಿಮಿಷ. ಮೊದಲು ಗೊತ್ತಿಲ್ಲದೆ 2.4 ಇಟ್ಟಿದ್ದಾಗ 3 ಎಂಬಿ ತೋರಿಸುತ್ತಿತ್ತು. ಹಾಗೇ ಬಿಟ್ಟಿದ್ದರೆ ಎರಡೂವರೆ ಗಂಟೆ ಹತ್ತಿರ ಆಗುತ್ತಿತ್ತು.

5ರ ಆಯ್ಕೆಯೇ ಕಾಣದಿದ್ದರೆ ಸಾಮಾನ್ಯವಾಗಿ ನಿಮ್ಮ ವೈಫೈ ಕಾರ್ಡಿಗೆ ಅದು ಬರುವುದಿಲ್ಲ ಎಂದು ಅರ್ಥ. ವೈಫೈ ಪ್ರಿಂಟರನ್ನೂ ಇದೇ ಜಾಲಕ್ಕೆ ಸೇರಿಸುವ ಆಸೆ ಇದ್ದರೆ 2.4 ಇಡಿ, ಮನೆಬಳಕೆಯ ಅನೇಕ ಪ್ರಿಂಟರುಗಳಿಗೆ 5 ಕಾಣಿಸುವುದೇ ಇಲ್ಲ.

ಎಲ್ಲ ಆದಮೇಲೆ ಮೇಲಿನ ಗುಂಡಿ ಆನ್ ಮಾಡಿ. 8 ಸಾಧನಗಳವರೆಗೆ ಸೇರಬಹುದು. ಅದೇ ಪುಟದಲ್ಲಿ "ಪವರ್ ಸೇವಿಂಗ್" ಎಂಬುದು ಇದ್ದರೆ ಆಫ್ ಮಾಡಿ. ಇಲ್ಲದಿದ್ದರೆ ಯಾರೂ ಸೇರದೆ ಸ್ವಲ್ಪ ಹೊತ್ತಾದರೆ ಹಾಟ್‌ಸ್ಪಾಟ್ ತಾನೇ ಆರಿಹೋಗುತ್ತದೆ.

ಇನ್ನೊಂದು ಲ್ಯಾಪ್‌ಟಾಪ್ ಸೇರಿಸುವುದು

ಇದು ಎಲ್ಲರಿಗೂ ಗೊತ್ತಿರುವ ಕೆಲಸ. ವೈಫೈ ಪಟ್ಟಿಯಲ್ಲಿ ಹೆಸರು ಹುಡುಕಿ, ಪಾಸ್‌ವರ್ಡ್ ಕೊಡಿ. ಸೇರಿದ ಮೇಲೆ ಮಾತ್ರ ತಕ್ಷಣ ಎರಡು ಕೆಲಸ ಮಾಡಬೇಕು. ಆ ವೈಫೈ ಹೆಸರಿನ "ಪ್ರಾಪರ್ಟೀಸ್" ತೆರೆಯಿರಿ, ಎರಡೂ ಅಲ್ಲೇ ಸಿಗುತ್ತವೆ.

ಮೊದಲನೆಯದು, "ನೆಟ್‌ವರ್ಕ್ ಪ್ರೊಫೈಲ್" ಎಂಬಲ್ಲಿ "ಪಬ್ಲಿಕ್" ಇರುವುದನ್ನು "ಪ್ರೈವೇಟ್" ಮಾಡಿ. ಪಬ್ಲಿಕ್ ಅಂದರೆ ವಿಂಡೋಸ್ ಲೆಕ್ಕದಲ್ಲಿ ನೀವು ಮೆಜೆಸ್ಟಿಕ್ ಬಸ್‌ಸ್ಟ್ಯಾಂಡಿನಲ್ಲಿ ಕೂತ ಹಾಗೆ. ಸುತ್ತ ಇರುವವರೆಲ್ಲ ಅಪರಿಚಿತರು, ಬಾಗಿಲು ಹಾಕಿಕೊಂಡಿರು ಎಂದು ಅದು ಫೈರ್‌ವಾಲ್ ಬಿಗಿ ಮಾಡುತ್ತದೆ. ಪ್ರೈವೇಟ್ ಅಂದರೆ ಇದು ನಮ್ಮ ಮನೆ ಎಂದು ಹೇಳಿದ ಹಾಗೆ.

ಎರಡನೆಯದು, "ಮೀಟರ್ಡ್ ಕನೆಕ್ಷನ್" ಆನ್ ಮಾಡಿ, ಅಂದರೆ ಇಲ್ಲಿ ಡೇಟಾ ಅಳತೆಯದ್ದು, ಮಿತವಾಗಿ ಬಳಸು ಎಂದು ವಿಂಡೋಸಿಗೆ ಹೇಳಿದ ಹಾಗೆ. ನನಗೆ ಇದು ತಡವಾಗಿ ಹೊಳೆಯಿತು. ಲ್ಯಾಪ್‌ಟಾಪುಗಳ ನಡುವೆ ಓಡಾಡುವ ಫೈಲಿಗೆ ಫೋನಿನ ಡೇಟಾ ಒಂದು ಚೂರೂ ಖರ್ಚಾಗುವುದಿಲ್ಲ, ಅದು ಕೋಣೆಯ ಗಾಳಿಯಲ್ಲೇ ಹೋಗಿ ಬರುತ್ತದೆ. ಆದರೆ ನನ್ನ ಫೋನಿನಿಂದ ಇಂಟರ್ನೆಟ್ ಬರುತ್ತಿದೆ ಎಂದು ಅಳಿಯನ ಲ್ಯಾಪ್‌ಟಾಪಿಗೂ ಗೊತ್ತಾಯಿತು. ಅದು ಸದ್ದಿಲ್ಲದೆ ವಿಂಡೋಸ್ ಅಪ್‌ಡೇಟ್ ಇಳಿಸಲು ಶುರು ಮಾಡಿತ್ತು. ಆ ದಿನದ ಡೇಟಾ ಮುಗಿಯಿತು ಎಂಬ ಮೆಸೇಜ್ ಬಂದಾಗಲೇ ನನಗೆ ತಿಳಿದದ್ದು.

ಫೋಲ್ಡರ್ ಯಾವ ಕಡೆ ಇಡಬೇಕು?

ನಾನು ಅರ್ಧ ಗಂಟೆ ಕಳೆದದ್ದು ಇಲ್ಲಿ. ವಿಡಿಯೋ ನನ್ನ ಹತ್ತಿರ ಇದೆ, ಹಾಟ್‌ಸ್ಪಾಟೂ ನನ್ನದೇ. ಹಾಗಾಗಿ ನನ್ನ ಫೋಲ್ಡರನ್ನೇ ಹಂಚಿ, ಅವನು ಬಂದು ತೆಗೆದುಕೊಳ್ಳಲಿ ಎಂದುಕೊಂಡೆ. ಅವನ ಲ್ಯಾಪ್‌ಟಾಪ್ ಬಾಗಿಲು ತಟ್ಟುತ್ತಲೇ ಇತ್ತು, ನನ್ನದು ತೆಗೆಯಲಿಲ್ಲ. ಹಾಟ್‌ಸ್ಪಾಟ್ ಕೊಡುವ ಲ್ಯಾಪ್‌ಟಾಪಿನಲ್ಲಿ ಆ ಜಾಲವನ್ನು ಪ್ರೈವೇಟ್ ಮಾಡುವ ಗುಂಡಿ ಎಲ್ಲಿದೆ ಎಂದು ಹುಡುಕಿ ಸೋತೆ. ಫೋನಿನ ಈಥರ್ನೆಟ್ಟಿಗೆ ಗುಂಡಿ ಇತ್ತು, ಹಾಟ್‌ಸ್ಪಾಟಿಗೆ ಕಾಣಲಿಲ್ಲ.

ಆಗ ಹೊಳೆಯಿತು. ಹಂಚಿದ ಫೋಲ್ಡರಿನಿಂದ ತೆಗೆದುಕೊಳ್ಳಲೂಬಹುದು, ಅದಕ್ಕೆ ಹಾಕಲೂಬಹುದು. ಅಂದಮೇಲೆ ಒಂದು ಕಡೆ ಹಂಚಿದರೆ ಸಾಕು. ಪ್ರೈವೇಟ್ ಗುಂಡಿ ಕಣ್ಣೆದುರಿಗೇ ಇರುವುದು ಸೇರಿಕೊಂಡ ಲ್ಯಾಪ್‌ಟಾಪಿನಲ್ಲಿ. ಫೋಲ್ಡರನ್ನು ಅಲ್ಲೇ ಹಂಚಿ, ಹಾಟ್‌ಸ್ಪಾಟ್ ಕೊಡುವವನು ಅದರೊಳಗೆ ಫೈಲ್ ಹಾಕಲಿ. ಇಷ್ಟು ಬದಲಾಯಿಸಿದೆವು, ಬಾಗಿಲು ತೆರೆಯಿತು. ನೀವೂ ಹೀಗೇ ಮಾಡಿ.

ಸೇರಿಕೊಂಡ ಲ್ಯಾಪ್‌ಟಾಪಿನಲ್ಲಿ ಮೊದಲು ಹಂಚಿಕೆ ಆನ್ ಆಗಿದೆಯೇ ನೋಡಿ. ವಿಂಡೋಸ್ 11ರಲ್ಲಿ "ನೆಟ್‌ವರ್ಕ್ ಆಂಡ್ ಇಂಟರ್ನೆಟ್", "ಅಡ್ವಾನ್ಸ್‌ಡ್ ನೆಟ್‌ವರ್ಕ್ ಸೆಟ್ಟಿಂಗ್ಸ್", "ಅಡ್ವಾನ್ಸ್‌ಡ್ ಶೇರಿಂಗ್ ಸೆಟ್ಟಿಂಗ್ಸ್". ವಿಂಡೋಸ್ 10ರಲ್ಲಿ ಇದು ಕಂಟ್ರೋಲ್ ಪ್ಯಾನೆಲಿನ "ನೆಟ್‌ವರ್ಕ್ ಆಂಡ್ ಶೇರಿಂಗ್ ಸೆಂಟರ್" ಒಳಗಿದೆ. ಪ್ರೈವೇಟ್ ಎಂಬ ಭಾಗದಲ್ಲಿ "ಫೈಲ್ ಆಂಡ್ ಪ್ರಿಂಟರ್ ಶೇರಿಂಗ್" ಆನ್ ಮಾಡಿ. ಅಲ್ಲೇ ಕೆಳಗೆ ಪಾಸ್‌ವರ್ಡ್ ಕೇಳಿಯೇ ಒಳಗೆ ಬಿಡುವ "ಪಾಸ್‌ವರ್ಡ್ ಪ್ರೊಟೆಕ್ಟೆಡ್ ಶೇರಿಂಗ್" ಎಂಬ ಆಯ್ಕೆ ಕಾಣುತ್ತದೆ. ಅದನ್ನು ಆಫ್ ಮಾಡಿ ಎಂದು ಹಲವರು ಹೇಳುತ್ತಾರೆ. ನಾನು ಹೇಳುವುದಿಲ್ಲ. ನಾಳೆ ಅದೇ ಲ್ಯಾಪ್‌ಟಾಪ್ ಹಿಡಿದುಕೊಂಡು ಇನ್ನೊಬ್ಬರ ಮನೆಯ ವೈಫೈಗೆ ಸೇರುತ್ತೀರಿ, ಆಫ್ ಮಾಡಿದ್ದು ಮರೆತೇ ಹೋಗಿರುತ್ತದೆ.

ಪಿನ್ ಹಾಕಬೇಡಿ

ಪಾಸ್‌ವರ್ಡ್ ಅಂದಾಗ ಏನಾಯಿತು ಗೊತ್ತಾ? ನನ್ನ ಲ್ಯಾಪ್‌ಟಾಪಿನಲ್ಲಿ ಹೆಸರು ಮತ್ತು ಪಾಸ್‌ವರ್ಡ್ ಕೇಳುವ ಚೌಕ ಬಂತು. ಅಳಿಯ ಬಂದು ಅವನ ನಾಲ್ಕಂಕಿಯ ಪಿನ್ ಒತ್ತಿದ. ತಪ್ಪು ಎಂದಿತು. ಮತ್ತೆ ಒತ್ತಿದ. "ಮಾಮ, ಇದೇ ಪಿನ್ನು, ದಿನಾ ಇದರಲ್ಲೇ ತೆಗೀತೀನಿ" ಅಂದ. ಮೂರನೇ ಸಲ ಒಂದೊಂದೇ ಅಂಕಿ ಜೋರಾಗಿ ಹೇಳಿಕೊಂಡು ಒತ್ತಿದ. ಒಳಗಿನಿಂದ ಅಕ್ಕ "ಎಲ್ಲರಿಗೂ ಕೇಳೋ ಹಾಗೆ ಹೇಳ್ತೀಯಲ್ಲೋ" ಅಂದಳು.

ಅವನದು ತಪ್ಪಲ್ಲ. ಪಿನ್ ಎಂಬುದು ಆ ಒಂದು ಲ್ಯಾಪ್‌ಟಾಪಿನ ಮುಂದೆ ಕೂತವರಿಗೆ ಮಾತ್ರ. ದೂರದಿಂದ ಬರುವವರಿಗೆ ಅದು ನಡೆಯುವುದಿಲ್ಲ. ಅಕೌಂಟಿನ ನಿಜವಾದ ಪಾಸ್‌ವರ್ಡೇ ಬೇಕು. ಪಿನ್ ಬಳಸಿ ಬಳಸಿ ಅದು ಯಾರಿಗೂ ನೆನಪಿರುವುದಿಲ್ಲ. ಪಾಸ್‌ವರ್ಡೇ ಇಲ್ಲದ ಅಕೌಂಟ್ ಆಗಿದ್ದರೆ ಇನ್ನೂ ಕಷ್ಟ, ಖಾಲಿ ಪಾಸ್‌ವರ್ಡಿನಿಂದ ದೂರದಿಂದ ಒಳಗೆ ಬರಲು ವಿಂಡೋಸ್ ಬಿಡುವುದೇ ಇಲ್ಲ.

ಇದಕ್ಕೆಲ್ಲ ಒಂದೇ ಮದ್ದು. ಹಂಚಿಕೆಗೆಂದೇ ಒಬ್ಬ ಹೊಸ ಬಳಕೆದಾರನನ್ನು ಮಾಡಿ. ಫೋಲ್ಡರ್ ಇರುವ ಲ್ಯಾಪ್‌ಟಾಪಿನಲ್ಲಿ ಸೆಟ್ಟಿಂಗ್ಸ್, "ಅಕೌಂಟ್ಸ್", "ಅದರ್ ಯೂಸರ್ಸ್" ಎಂಬಲ್ಲಿ "ಆಡ್ ಅಕೌಂಟ್" ಒತ್ತಿ. ವಿಂಡೋಸ್ ಇಮೇಲ್ ಕೇಳುತ್ತದೆ. ಕೊಡಬೇಡಿ. ಈ ವ್ಯಕ್ತಿಯ ವಿವರ ನನಗೆ ಗೊತ್ತಿಲ್ಲ ಎಂಬರ್ಥದ ಸಾಲನ್ನು ಒತ್ತಿ. ಮುಂದಿನ ಪುಟದಲ್ಲಿ ಮೈಕ್ರೋಸಾಫ್ಟ್ ಅಕೌಂಟ್ ಇಲ್ಲದೆ ಸೇರಿಸುವ ಸಾಲು ಕೆಳಗೆ ಇರುತ್ತದೆ. ಅದನ್ನು ಒತ್ತಿದರೆ ಹೆಸರು, ಪಾಸ್‌ವರ್ಡ್ ಮಾತ್ರ ಕೇಳುತ್ತದೆ. ನಾವು "ಮನೆ" ಎಂದು ಇಂಗ್ಲಿಷ್ ಅಕ್ಷರದಲ್ಲಿ ಬರೆದು ಒಂದು ಪಾಸ್‌ವರ್ಡ್ ಕೊಟ್ಟೆವು. ಮೂರು ನಿಮಿಷದ ಕೆಲಸ, ಆಮೇಲೆ ತಲೆನೋವಿಲ್ಲ.

ಈಗ ಫೋಲ್ಡರ್. ಜಾಗ ಇರುವ ಡ್ರೈವಿನಲ್ಲಿ ಹೊಸ ಫೋಲ್ಡರ್ ಮಾಡಿ, ಹೆಸರು ಚಿಕ್ಕದಿರಲಿ, ನಡುವೆ ಖಾಲಿ ಜಾಗ ಬೇಡ. ಬಲಗುಂಡಿ ಒತ್ತಿ "ಪ್ರಾಪರ್ಟೀಸ್", ಅದರಲ್ಲಿ "ಶೇರಿಂಗ್", ಅದರಲ್ಲಿ "ಶೇರ್". ಪಟ್ಟಿಯಿಂದ ಆ ಹೊಸ ಬಳಕೆದಾರನನ್ನು ಸೇರಿಸಿ "ರೀಡ್/ರೈಟ್" ಕೊಡಿ. ಬರೀ "ರೀಡ್" ಇದ್ದರೆ ಫೋಲ್ಡರ್ ತೆರೆಯುತ್ತದೆ, ಒಳಗೆ ಹಾಕಲು ಹೋದರೆ ತಡೆಯುತ್ತದೆ. ಇಡೀ ಸಿ ಡ್ರೈವನ್ನೇ ಹಂಚುವವರನ್ನು ನೋಡಿದ್ದೇನೆ. ಅದು ಬೇಡವೇ ಬೇಡ.

ಬಾಗಿಲು ತಟ್ಟುವುದು

ಹಾಟ್‌ಸ್ಪಾಟ್ ಕೊಡುವ ಲ್ಯಾಪ್‌ಟಾಪಿಗೆ ಬನ್ನಿ. ಅದೇ ಹಾಟ್‌ಸ್ಪಾಟ್ ಪುಟದ ಕೆಳಗೆ ಸೇರಿರುವ ಸಾಧನಗಳ ಪಟ್ಟಿ ಇದೆ. ಹೆಸರಿನ ಪಕ್ಕದಲ್ಲೇ ಐಪಿ ವಿಳಾಸವೂ ಇರುತ್ತದೆ. ಹಾಟ್‌ಸ್ಪಾಟ್ ಕೊಡುವ ವಿಂಡೋಸ್ ಲ್ಯಾಪ್‌ಟಾಪ್ ಸಾಮಾನ್ಯವಾಗಿ ತನಗೆ 192.168.137.1 ಇಟ್ಟುಕೊಂಡು, ಬಂದವರಿಗೆ ಅದೇ ಸಾಲಿನ ಬೇರೆ ಕೊನೆಯಂಕಿ ಕೊಡುತ್ತದೆ. ಅಳಿಯನಿಗೆ 192.168.137.84 ಸಿಕ್ಕಿತ್ತು.

ವಿಂಡೋಸ್ ಗುಂಡಿ ಹಿಡಿದು ಆರ್ ಅಕ್ಷರ ಒತ್ತಿ. ಬಂದ ಚಿಕ್ಕ ಚೌಕದಲ್ಲಿ ಹೀಗೆ ಬರೆಯಿರಿ, ನಿಮ್ಮ ನಂಬರ್ ಹಾಕಿಕೊಂಡು:

\\192.168.137.84

ಮೊದಲು ಬರುವ ಎರಡು ಗೆರೆಗಳು ಎಡಕ್ಕೆ ವಾಲಿದವು, ಎಂಟರ್ ಗುಂಡಿಯ ಮೇಲ್ಗಡೆ ಇರುತ್ತವಲ್ಲ ಅವು. ವೆಬ್ ವಿಳಾಸದಲ್ಲಿ ಬರುವ ಗೆರೆ ಹಾಕಿದರೆ ಆಗುವುದಿಲ್ಲ. ಎಂಟರ್ ಒತ್ತಿದರೆ ಹೆಸರು ಮತ್ತು ಪಾಸ್‌ವರ್ಡ್ ಕೇಳುತ್ತದೆ. ಆಗ ಮಾಡಿದ ಹೊಸ ಬಳಕೆದಾರನದ್ದು ಕೊಡಿ. ಫೋಲ್ಡರ್ ಕಾಣುತ್ತದೆ, ಇನ್ನು ಎಳೆದು ಹಾಕುವುದಷ್ಟೇ.

ಫೈಲ್ ಎಕ್ಸ್‌ಪ್ಲೋರರಿನ "ನೆಟ್‌ವರ್ಕ್" ಎಂಬ ಕಡೆ ಇನ್ನೊಂದು ಲ್ಯಾಪ್‌ಟಾಪಿನ ಹೆಸರು ಬರಲಿಲ್ಲ ಎಂದು ಕಾಯುತ್ತಾ ಕೂರಬೇಡಿ. ಅದು ಕೆಲವು ಸಲ ಬರುತ್ತದೆ, ಕೆಲವು ಸಲ ಇಲ್ಲ. ವಿಳಾಸ ಬರೆದು ನೇರ ಹೋಗುವುದೇ ಖಾತ್ರಿ.

ಆಗದಿದ್ದರೆ

ಸೇರಿದ ಲ್ಯಾಪ್‌ಟಾಪಿನ ಐಪಿ ವಿಳಾಸ 169.254 ಎಂದು ಶುರುವಾಗಿದ್ದರೆ, ಅದಕ್ಕೆ ಯಾರೂ ವಿಳಾಸ ಕೊಡಲಿಲ್ಲ, ಅದೇ ಒಂದು ಹಾಕಿಕೊಂಡಿದೆ ಎಂದು ಅರ್ಥ. ಹಾಟ್‌ಸ್ಪಾಟ್ ಆಫ್ ಮಾಡಿ ಆನ್ ಮಾಡಿ, ಆ ಕಡೆ ವೈಫೈ ಹೆಸರನ್ನು "ಫರ್ಗೆಟ್" ಮಾಡಿ ಮತ್ತೆ ಸೇರಿ. ಆಗಲೂ ಆಗದಿದ್ದರೆ ಎರಡನ್ನೂ ರೀಸ್ಟಾರ್ಟ್ ಮಾಡಿ.

ವಿಳಾಸ ಸರಿಯಿದ್ದೂ ಬಾಗಿಲು ತೆರೆಯದಿದ್ದರೆ ನೂರಕ್ಕೆ ತೊಂಬತ್ತು ಸಲ ಪ್ರೊಫೈಲ್ ಮತ್ತೆ ಪಬ್ಲಿಕ್ ಆಗಿರುತ್ತದೆ. ಅದೂ ಅಲ್ಲದಿದ್ದರೆ ಆ್ಯಂಟಿವೈರಸ್. ದುಡ್ಡು ಕೊಟ್ಟು ಹಾಕಿಸಿಕೊಂಡ ಕೆಲವು ಆ್ಯಂಟಿವೈರಸ್‌ಗಳು ತಮ್ಮದೇ ಫೈರ್‌ವಾಲ್ ತರುತ್ತವೆ, ವಿಂಡೋಸಿನಲ್ಲಿ ಮಾಡಿದ್ದು ಅವಕ್ಕೆ ಲೆಕ್ಕಕ್ಕಿಲ್ಲ. ಅವುಗಳ ಒಳಗೂ ಈ ಜಾಲವನ್ನು ನಂಬಿಕೆಯದ್ದು ಎಂದು ಗುರುತಿಸಬೇಕು. "ಪಿಂಗ್ ಮಾಡಿ ನೋಡಿ", ಅಂದರೆ ಆ ಕಡೆಯ ಲ್ಯಾಪ್‌ಟಾಪನ್ನು ಕೂಗಿ ಉತ್ತರ ಬರುತ್ತದೆಯೇ ನೋಡಿ, ಎಂದು ತಿಳಿದವರು ಸಲಹೆ ಕೊಡುತ್ತಾರೆ. ಫೈಲ್ ಶೇರಿಂಗ್ ಆಫ್ ಇದ್ದರೆ ವಿಂಡೋಸ್ ಪಿಂಗ್‌ಗೂ ಉತ್ತರ ಕೊಡುವುದಿಲ್ಲ. ಹಾಗಾಗಿ ಪಿಂಗ್ ಬರಲಿಲ್ಲ ಎಂದರೆ ವೈಫೈ ಕೆಟ್ಟಿದೆ ಎಂದುಕೊಳ್ಳಬೇಡಿ.

ನಿನ್ನೆ ನಡೆದದ್ದು ಇವತ್ತು ನಡೆಯದಿದ್ದರೆ ಕೊನೆಯಂಕಿ ಬದಲಾಗಿರಬಹುದು. ಹಾಟ್‌ಸ್ಪಾಟ್ ಪುಟದಲ್ಲಿ ಮತ್ತೆ ನೋಡಿಕೊಳ್ಳಿ.

ವಿಂಡೋಸ್ ಅಲ್ಲದವರಿಗೆ, ಮತ್ತು ಸೋಮಾರಿಗಳಿಗೆ

ಉಬುಂಟು ಇದ್ದರೆ ನಿಮ್ಮ ಅದೃಷ್ಟ. ಸೆಟ್ಟಿಂಗ್ಸಿನ ವೈಫೈ ಪುಟದ ಮೂಲೆಯ ಮೆನುವಿನಲ್ಲಿ ಹಾಟ್‌ಸ್ಪಾಟ್ ಆನ್ ಮಾಡುವ ಸಾಲು ಇದೆ. ಇಂಟರ್ನೆಟ್ ಇರಲೇಬೇಕು ಎಂಬ ಹಟ ಅದಕ್ಕಿಲ್ಲ. ಫೋನ್ ಸಿಕ್ಕಿಸುವ ಗೋಜೇ ಬೇಡ. ಅದು ಸಾಮಾನ್ಯವಾಗಿ ತನಗೆ 10.42.0.1 ಎಂಬ ವಿಳಾಸ ಇಟ್ಟುಕೊಳ್ಳುತ್ತದೆ. ಎರಡೂ ಮ್ಯಾಕ್ ಆಗಿದ್ದರೆ ಏರ್‌ಡ್ರಾಪ್ ಸಾಕು, ಈ ಲೇಖನ ಓದುವ ಅಗತ್ಯವೇ ಇರಲಿಲ್ಲ.

ಎರಡೂ ವಿಂಡೋಸ್ ಆಗಿದ್ದು, ಕಳಿಸಬೇಕಾದದ್ದು ನಾಲ್ಕು ಫೋಟೋ, ಒಂದು ಪಿಡಿಎಫ್ ಮಾತ್ರ ಎಂದಾದರೆ "ನಿಯರ್‌ಬೈ ಶೇರಿಂಗ್" ನೋಡಿ. ವಿಂಡೋಸ್ 10ಕ್ಕೆ 2018ರಲ್ಲಿ ಬಂತು. ಎರಡರಲ್ಲೂ ಬ್ಲೂಟೂತ್ ಮತ್ತು ವೈಫೈ ಆನ್ ಇರಬೇಕು. ಒಂದು ವಿಂಡೋಸ್, ಒಂದು ಮ್ಯಾಕ್, ಜೊತೆಗೆ ಒಂದೆರಡು ಫೋನ್ ಎಂಬ ಕಲಸುಮೇಲೋಗರ ಇದ್ದರೆ "ಲೋಕಲ್‌ಸೆಂಡ್" ಎಂಬ ಉಚಿತ ಆ್ಯಪ್ ಹಾಕಿಕೊಳ್ಳಿ. ಎಲ್ಲವೂ ಒಂದೇ ಹಾಟ್‌ಸ್ಪಾಟಿನಲ್ಲಿದ್ದರೆ ಇಂಟರ್ನೆಟ್ ಇಲ್ಲದೆಯೂ ಫೈಲ್ ಹೋಗುತ್ತದೆ. ಬಳಕೆದಾರ, ಪಾಸ್‌ವರ್ಡ್ ರಾಮಾಯಣ ಇಲ್ಲ. ಹಾಗಾದರೆ ಫೋಲ್ಡರ್ ಹಂಚುವುದು ಯಾಕೆ ಎಂದು ಕೇಳಬಹುದು. ಒಂದೇ ಸಲ ಕಳಿಸುವುದಾದರೆ ಬೇಡ. ದಿನಾ ಬೇಕಾಗುವ ಜಾಗ ಆದರೆ ಫೋಲ್ಡರೇ ವಾಸಿ.

ಇನ್ನು, ವೈಫೈ ಬಗ್ಗೆ ಇಷ್ಟೆಲ್ಲ ಬರೆದು ಇದನ್ನು ಹೇಳುವುದು ವಿಚಿತ್ರ. ನೂರಾರು ಜಿಬಿ ಕಳಿಸಬೇಕಾದರೆ ವೈಫೈ ಮರೆತುಬಿಡಿ. ಎರಡು ಮೀಟರ್ ಲ್ಯಾನ್ ಕೇಬಲ್ ತಂದು ಒಂದು ತುದಿ ಅಲ್ಲಿ, ಒಂದು ತುದಿ ಇಲ್ಲಿ ಸಿಕ್ಕಿಸಿ. ಗಿಗಾಬಿಟ್ ಪೋರ್ಟ್ ಆಗಿದ್ದರೆ ಸೆಕೆಂಡಿಗೆ 100 ಎಂಬಿ ದಾಟುತ್ತದೆ, ನಮ್ಮ 26 ಜಿಬಿ ನಾಲ್ಕೈದು ನಿಮಿಷದಲ್ಲಿ ಮುಗಿಯುತ್ತಿತ್ತು. ಹಿಂದಿನ ಹಾಗೆ ಎರಡು ಕಂಪ್ಯೂಟರನ್ನು ನೇರ ಜೋಡಿಸಲೆಂದೇ ಇದ್ದ ಕ್ರಾಸ್ ಕೇಬಲ್ ಬೇಕಾಗಿಲ್ಲ, ಮಾಮೂಲಿ ಕೇಬಲ್ ಸಾಕು. ಇಲ್ಲಿ ವಿಳಾಸ 169.254 ಎಂದು ಬಂದರೆ ಗಾಬರಿ ಬೇಡ, ಯಜಮಾನ ಇಲ್ಲದ ಜಾಗದಲ್ಲಿ ಇಬ್ಬರೂ ತಾವೇ ಹಾಕಿಕೊಂಡ ವಿಳಾಸ ಅದು, ಕೆಲಸ ನಡೆಯುತ್ತದೆ. ಈ ಸಲ ಪ್ರೊಫೈಲ್ ಮಾತ್ರ ವೈಫೈಗಲ್ಲ, ಈಥರ್ನೆಟ್ಟಿಗೆ ಪ್ರೈವೇಟ್ ಮಾಡಬೇಕು. ಅಳಿಯನ ಲ್ಯಾಪ್‌ಟಾಪ್ ತೆಳ್ಳಗಿನದು, ಅದರಲ್ಲಿ ಲ್ಯಾನ್ ಕಿಂಡಿಯೇ ಇರಲಿಲ್ಲ. ಹಾಗಾಗಿ ನಮಗೆ ಅದು ಆಗಲಿಲ್ಲ.

ಮುಗಿದ ಮೇಲೆ

ಹಾಟ್‌ಸ್ಪಾಟ್ ಆಫ್ ಮಾಡಿ, ಫೋನ್ ಕೇಬಲ್ ಕಿತ್ತಿಡಿ. ಇನ್ನು ಹಂಚುವುದಿಲ್ಲ ಎಂದಾದರೆ ಫೋಲ್ಡರಿನ ಮೇಲೆ ಬಲಗುಂಡಿ ಒತ್ತಿ ಹಂಚಿಕೆ ತೆಗೆದುಬಿಡಿ, ಆ ಹೊಸ ಬಳಕೆದಾರನನ್ನೂ ಅಳಿಸಿ. ಮುಂದೆಯೂ ಬೇಕು ಎಂದಾದರೆ ಹಾಗೇ ಬಿಡಿ. ಮನೆಗೆ ರೌಟರ್ ಬಂದ ಮೇಲೂ ಅದೇ ಫೋಲ್ಡರ್, ಅದೇ ಬಳಕೆದಾರ ನಡೆಯುತ್ತದೆ. ವಿಳಾಸ ಮಾತ್ರ ರೌಟರ್ ಕೊಟ್ಟದ್ದಾಗಿರುತ್ತದೆ, ಹೊಸ ವೈಫೈ ಹೆಸರಿಗೆ ಮತ್ತೊಮ್ಮೆ ಪ್ರೈವೇಟ್ ಮಾಡಬೇಕಾಗುತ್ತದೆ. ನಮ್ಮ ಇಂಟರ್ನೆಟ್ ಹುಡುಗ ಐದನೇ ದಿನ ಬಂದ. ಆ ಹೊತ್ತಿಗೆ ಅಕ್ಕ ಅವರ ಮನೆಯಲ್ಲಿ ಮುಹೂರ್ತದ ವಿಡಿಯೋ ಎರಡು ಸಲ ನೋಡಿ ಆಗಿತ್ತು.